ಕೂತವರು, ಮಲಗಿದವರು

ಆಗಸ್ಟ್ 19, ಮಂಗಳವಾರ

ಸೀಟು ಸಿಕ್ಕಿತು. ಚಾಮರಾಜನಗರದ ಮೆಡಿಕಲ್ ಕಾಲೇಜು. ಅಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ಓದಿದರು. "ನಮ್ ಜಿಲ್ಲಲೇ ಕಣಮ್ಮಿ! ಹೂವಿನ ಗಾಡಿಲೇ ಬುಟ್ಟು ಬರಬೋದು" ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಾಯಸಕ್ಕೆ ಇಟ್ಟಳು. ಅಜ್ಜಿ ಸಣ್ಣ ಈರುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತದೆ, "ಸೂಜಿ ಯಾವಾಗಿಂದ ಚುಚ್ಚಿಯೇ?" ಎಂದು ಕೇಳಿದಳು. ಇನ್ನೂ ಐದಾರು ವರ್ಷ ಇದೆ ಎಂದೆ. "ಅಷ್ಟೊತ್ಗ ನನ್ ಮೈಲಿ ಚುಚ್ಚಕ ಜಾಗ ಇರದಿಲ್ಲ ಬುಡು" ಎಂದಳು.

ತರಗತಿ ಶುರುವಾಗುವುದು ದಸರಾ ಮುಗಿದ ಮೇಲೆ. ಅಲ್ಲಿಯವರೆಗೆ ಏನು ಮಾಡುವುದು ಎಂಬುದೇ ಈಗಿನ ಪ್ರಶ್ನೆ. ಸೀಟು ಸಿಕ್ಕವರೆಲ್ಲ ಆಗಲೇ ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದಾರೆ. ಅದರಲ್ಲಿ ಎರಡು ಪಕ್ಷ. ನಿದ್ದೆ ಮಾಡಿ, ಊರು ಸುತ್ತಿ, ಮುಂದೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ ಎನ್ನುತ್ತದೆ ಒಂದು ಪಕ್ಷ. ಇನ್ನೊಂದು ಪಕ್ಷ ಈಗಲೇ ಅನಾಟಮಿ ಹಿಡಿದು ಕೂತಿದೆ. ಮೈಸೂರಿನ ದಾನೇಶ್ವರಿ ಎಂಬವಳು, ನಾನು ಕೈಯ ಭಾಗ ಮುಗಿಸಿದೆ ಎಂದು ಪುಸ್ತಕದ ಫೋಟೋ ಹಾಕಿದ್ದಾಳೆ. ಸಾಲುಸಾಲಿಗೂ ಹಳದಿ ಗೆರೆ. ಫೋಟೋ ದೊಡ್ಡದು ಮಾಡಿ ಪುಟದ ಸಂಖ್ಯೆ ನೋಡಿದೆ.

ನಾನು ಓದುವ ಪಕ್ಷ. ಕಾರಣ ಸರಳ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಬಲ್ಲೆ, ಆದರೆ ನಿಧಾನ. ಬೇರೆಯವರು ಓಡುತ್ತಿರುವಾಗ ನಾನಿನ್ನೂ ಚಪ್ಪಲಿ ಹುಡುಕುತ್ತಿರುತ್ತೇನೆ. ಮೊದಲೇ ಓದಿಕೊಂಡು ಹೋದರೆ ಸರಿಹೋಗುತ್ತದೆ. ಇದು ಬಿಟ್ಟು ಬೇರೆ ಕಾರಣವೇನೂ ಇಲ್ಲ.

ಆಗಸ್ಟ್ 21, ಗುರುವಾರ

ಮಾನಸಕ್ಕನಿಗೆ ಫೋನ್ ಮಾಡಿದೆ. ಪಿಯುಸಿಯಲ್ಲಿ ನನಗಿಂತ ಮುಂದಿದ್ದವಳು, ಸಂತೆಮರಹಳ್ಳಿಯವಳು, ಈಗ ಅದೇ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದಾಳೆ.

"ಓದ್ಬೇಡ ಕಣೆ ರೂಪಾ. ಈಗ ಏನ್ ಓದಿದ್ರೂ ಅಲ್ಲಿ ಹೋಗಿ ಮತ್ತೆ ಮೊದ್ಲಿಂದ ಶುರು ಮಾಡ್ಬೇಕು. ತಿನ್ನು, ಮಲಗು, ಮನೇವ್ರ ಜೊತೆ ಇರು."

ನಾನು ಒಪ್ಪಲಿಲ್ಲ. ನನ್ನ ಹಟ ಅವಳಿಗೆ ಗೊತ್ತು. "ಹಂಗಾದ್ರೆ ಬಂದು ನನ್ ಮೂಳೆ ಪೆಟ್ಟಿಗೆ ಎತ್ಕೊಂಡೋಗು, ನಮ್ಮಮ್ಮ ದಿನಾ ಬೈತಾ ಇದ್ದಾರೆ" ಅಂದಳು. ಸೀನಿಯರುಗಳು ಜೂನಿಯರುಗಳಿಗೆ ಹೀಗೆ ದಾಟಿಸುತ್ತಾರಂತೆ. ಅವಳಿಗೂ ಯಾರೋ ಕೊಟ್ಟಿದ್ದು.

ಫೋನಿಡುವ ಮುಂಚೆ, ಹೆಣ ಕೊಯ್ಯುವ ಹಾಲಿಗೆ ಮೊದಲ ದಿನ ಹೋಗಿ ಕಾಲೇಜೇ ಬಿಟ್ಟವರು ಯಾರಾದರೂ ಇದ್ದಾರಾ ಎಂದು ಕೇಳಿದೆ. "ಒಬ್ಬ ಇದ್ದ. ಬಾಗಿಲಲ್ಲೇ ಬಿದ್ದ. ಮಾರನೇ ದಿನ ಸೀಟು ವಾಪಸ್ ಕೊಟ್ಟು ಅಗ್ರಿ ಬಿಎಸ್ಸಿ ಸೇರ್ಕೊಂಡ. ಯಾಕೆ?" ಎಂದಳು. ಸುಮ್ಮನೆ ಕೇಳಿದೆ ಎಂದೆ.

ಆಗಸ್ಟ್ 23, ಶನಿವಾರ

ಸಂತೆಮರಹಳ್ಳಿಗೆ ಹೋಗಿ ಪೆಟ್ಟಿಗೆ ತಂದೆ. ಅದು ಹಳೇ ತಗಡಿನ ಟ್ರಂಕು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಬಂದು, "ಏನಮ್ಮಿ ಅದು, ಕೋಳಿನಾ? ಕೋಳಿಗಾದ್ರ ಟಿಕೆಟ್ ತಗಬೇಕು" ಅಂದ. ಪುಸ್ತಕ ಎಂದೆ. ಅಷ್ಟರಲ್ಲಿ ಬಸ್ಸು ಹಂಪ್ ಹಾರಿತು, ಪೆಟ್ಟಿಗೆ ಗಲಗಲ ಅಂದಿತು. "ಓಹೋ, ಒಣಗಿರೋ ಪುಸ್ತಕ" ಎಂದು ನಕ್ಕು ಮುಂದಕ್ಕೆ ಹೋದ. ಗುಂಡ್ಲುಪೇಟೆ ಬರುವವರೆಗೂ ನಾನು ಪೆಟ್ಟಿಗೆಯ ಮೇಲೆ ಕೈ ಒತ್ತಿ ಹಿಡಿದುಕೊಂಡಿದ್ದೆ.

ಇನ್ನೂ ತೆಗೆದು ನೋಡಿಲ್ಲ.

ಆಗಸ್ಟ್ 24, ಭಾನುವಾರ

ಬೆಳಿಗ್ಗೆಯೇ ರಗಳೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಗೊತ್ತಾಗಿ ಅಮ್ಮ ಪೂಜೆಯ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತಳು. "ಲಿಂಗಪೂಜೆ ಮಾಡೋ ಮನೆ ಇದು. ಯಾರ್ದೋ ಏನೋ, ಒಳಗೆ ತರಬೇಡ" ಅಂದಳು.

ಅಜ್ಜಿ ಬಂದಳು. "ಲಿಂಗ ಕಟ್ದವ್ರಿಗ ಯಾವ ಸೂತಕವ್ವ ವನಿತಾ? ಮಠದ ಅಯ್ನೋರು ಯೋಳದ ನೀ ಕೇಳಿಲ್ವಾ?" ಎಂದು ಅಮ್ಮನನ್ನು ಸರಿಸಿ, ತಾನೇ ಕೊಂಡಿ ಬಿಚ್ಚಿ, ಮೇಲಿದ್ದ ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ನಾನು ಕಂಬದ ಹಿಂದೆ ನಿಂತಿದ್ದೆ.

"ಹೆಂಗ್ಸಾ, ಗಂಡ್ಸಾ?"

"ಗೊತ್ತಿಲ್ಲ ಅಜ್ಜಿ."

"ಇವ್ರ ಕೂರ್ಸಿದ್ರೋ ಮಲಗ್ಸಿದ್ರೋ?"

ಅದು ಬರೀ ಮೂಳೆ, ಓದುವುದಕ್ಕೆ ಇಟ್ಟಿರುವುದು, ಅದಕ್ಕೆ ಅದೆಲ್ಲ ಇಲ್ಲ ಎಂದೆ. ಅಜ್ಜಿ ನನ್ನ ಮುಖ ನೋಡಿ ಬುರುಡೆಯನ್ನು ವಾಪಸ್ ಇಟ್ಟಳು. ಕೊನೆಗೆ ರಾಜಿ ಆಯಿತು: ಮನೆಯೊಳಗೆ ಬೇಡ, ಹಿತ್ತಲಿನ ಹೂವಿನ ಶೆಡ್ಡಿನಲ್ಲಿ ಇರಲಿ.

ನನಗೋಸ್ಕರವೇ ಬರೆಯುವಾಗ ಸುಳ್ಳು ಯಾಕೆ. ಇಂಗ್ಲಿಷ್ ಒಂದೇ ಕಾರಣ ಅಲ್ಲ. ನನಗೆ ಸತ್ತವರ ಮುಖ ಕಂಡರೆ ಆಗುವುದಿಲ್ಲ. ತಾತ ಹೋದಾಗ ನಾನು ಐದನೇ ಕ್ಲಾಸು. ನಮ್ಮವರ ಪದ್ಧತಿಯಂತೆ ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು ಜಗಲಿಯ ಮೇಲೆ ಕೂರಿಸಿದ್ದರು. ಕೂತಂತೆಯೇ ಮಣ್ಣಿಗೂ ಇಡುತ್ತಾರೆ. ನಮಸ್ಕಾರ ಮಾಡು ಎಂದು ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ತಾತನ ಮುಖ ಸರಿಯಾಗಿ ನನ್ನ ಮುಖದ ಎದುರಿಗಿತ್ತು. ಕಣ್ಣು ಒಂಚೂರು ತೆರೆದಿತ್ತು. ಇನ್ನೇನು ನನ್ನ ಹೆಸರು ಹಿಡಿದು ಕರೆಯುತ್ತಾರೆ ಅನ್ನಿಸಿತು. ಆಮೇಲೆ ಏನಾಯಿತೋ ಗೊತ್ತಿಲ್ಲ, ಎಚ್ಚರವಾದಾಗ ಅಮ್ಮ ನೀರು ಚಿಮುಕಿಸುತ್ತಿದ್ದಳು. ಅಂದಿನಿಂದ ನಾನು ಸಾವಿನ ಮನೆಗೆ ಹೋಗುವುದಿಲ್ಲ. ಮನೆಯಲ್ಲೂ ಯಾರೂ ಕರೆಯುವುದಿಲ್ಲ.

ಇಂಥವಳು ಹೆಣ ಕೊಯ್ಯುವ ಹಾಲ್‌ನೊಳಗೆ ಹೇಗೆ ನಿಲ್ಲುತ್ತೇನೆ? ಬಾಗಿಲಲ್ಲೇ ಬಿದ್ದ ಆ ಹುಡುಗನ ಹಾಗೆ ಬಿದ್ದರೆ? ಎರಡು ಸಲ ಪರೀಕ್ಷೆ ಬರೆದು ಸಿಕ್ಕಿದ ಸೀಟು ಇದು. ಎಲ್ಲದರ ಹೆಸರು ಮೊದಲೇ ಗೊತ್ತಿದ್ದರೆ ಹೆದರಿಕೆ ಆಗುವುದಿಲ್ಲ ಎಂದು ನನ್ನ ಲೆಕ್ಕ. ಹೆಸರು ಗೊತ್ತಿರುವುದಕ್ಕೆ ಯಾರು ಹೆದರುತ್ತಾರೆ? ಅದಕ್ಕೇ ಓದುತ್ತೇನೆ.

ಆಗಸ್ಟ್ 30, ಶನಿವಾರ

ಓಣಂ ಹತ್ತಿರ ಬಂತು. ಶೆಡ್ಡಿನ ತುಂಬ ಚೆಂಡುಹೂವಿನ ರಾಶಿ. ಅಪ್ಪ ದಿನವಿಡೀ ಫೋನಿನಲ್ಲಿ ಅರ್ಧ ಕನ್ನಡ ಅರ್ಧ ಮಲಯಾಳಂ. ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ಗೇಟ್ ಹಾಕುವುದರೊಳಗೆ ಕೇರಳದ ಗಾಡಿ ದಾಟಬೇಕು, ಆದ್ದರಿಂದ ಮಧ್ಯಾಹ್ನವೆಲ್ಲ ಗಲಾಟೆ. ನಾನು ಮೂಲೆಯಲ್ಲಿ ಖಾಲಿ ಕ್ರೇಟುಗಳ ಮೇಲೆ ಮೂಳೆ ಹರಡಿಕೊಂಡು ಓದುತ್ತೇನೆ. ಹೂವು ತುಂಬುವ ಹೆಂಗಸರು ಮೊದಲ ದಿನ ಚೀರಿದರು, ಈಗ ದಾಟಿಕೊಂಡು ಓಡಾಡುತ್ತಾರೆ.

ಗಂಗಜ್ಜಿ ದಿನಾ ಬರುತ್ತಾಳೆ. ಪಕ್ಕದ ಮನೆಯವಳು, ಪೂರ್ತಿ ಹೆಸರು ಗಂಗಾಂಬಿಕೆ, ಅಜ್ಜಿಯ ಜೊತೆಯವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಎಲೆ ಅಡಿಕೆ ಹಾಕಿಕೊಳ್ಳುತ್ತ ಇವತ್ತು ನನ್ನ ಎದುರು ಕೂತಳು.

"ಆ ಮೂಳ ಯಾಕ ಒತ್ಕಬಂದೆ ಡಾಕ್ಟ್ರಮ್ಮ? ನನ್ ಮೈಲೇ ಎಲ್ಲ ಕಾಣ್ತದಲ್ಲ" ಎಂದು ಕುತ್ತಿಗೆಯ ಬುಡ ಮುಂದಕ್ಕೆ ಚಾಚಿದಳು. ನಿಜ. ಎಷ್ಟು ಸಣಕಲಿ ಎಂದರೆ ಪುಸ್ತಕದ ಚಿತ್ರಕ್ಕಿಂತ ಸ್ಪಷ್ಟ. ಕ್ಲಾವಿಕಲ್ ಮೂಳೆಯ ಬಾಗು ಬೆರಳಿಟ್ಟರೆ ಸಿಕ್ಕಿತು. ಬೆನ್ನು ತಿರುಗಿಸಿ ಕೂರಿಸಿ ಸ್ಕ್ಯಾಪುಲಾ ಹುಡುಕಿದೆ. ಕೈ ಮೇಲೆತ್ತಿ ಎಂದರೆ ಎತ್ತುತ್ತಾಳೆ, ಆ ಹಲಗೆ ಚರ್ಮದೊಳಗೇ ಜಾರುತ್ತದೆ.

"ಇದ್ಯಾವ ಮೂಳಮ್ಮಿ?"

"ಸ್ಕ್ಯಾಪುಲಾ."

"ಅಯ್ಯೋ ಶಿವನೇ, ನನ್ ಬೆನ್ನಲ್ಲಿ ಅಂತದ್ದೂ ಇತ್ತಾ!" ಎಂದು ಬಾಯ್ತುಂಬ ನಕ್ಕಳು. ಮೊದಲ ಸೂಜಿ ನೀನೇ ಚುಚ್ಚಬೇಕು, ಬೇರೆ ಯಾರೂ ಮುಟ್ಟಕೂಡದು ಅಂದಳು. ಅಜ್ಜಿ, "ನನ್ ಮೊಮ್ಮಗ್ಳು ಮೊದ್ಲು ನನ್ಗ ಚುಚ್ಚದು, ನೀ ಸರದಿಲಿ ನಿಂತ್ಕ" ಅಂದಳು. ಇಬ್ಬರಿಗೂ ಜಗಳವಾಯಿತು.

ಸೆಪ್ಟೆಂಬರ್ 4, ಗುರುವಾರ

ಕೊನೆಯ ಗಾಡಿ ಹೊರಟಿತು. ಶೆಡ್ಡು ಖಾಲಿ. ಅಪ್ಪ ನನ್ನ ಪಕ್ಕದಲ್ಲೇ ಕ್ರೇಟಿನ ಮೇಲೆ ಕೂತು ಬೆವರು ಒರೆಸಿಕೊಂಡರು. ಭಾನುವಾರ ಎಲ್ಲರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬರೋಣ, ಅಜ್ಜಿಗೂ ಆಸೆ ಎಂದರು. ಭಾನುವಾರಕ್ಕೆ ನಾನು ಕಾಲಿನ ಮೂಳೆ ಇಟ್ಟುಕೊಂಡಿದ್ದೇನೆ, ಆಗುವುದಿಲ್ಲ ಎಂದೆ.

"ಎಲ್ಲಾನೂ ಇಲ್ಲೇ ಓದ್ಬುಟ್ರ ಅಲ್ಲಿ ಓಗಿ ಏನ್ ಮಾಡಿಯಮ್ಮಿ?"

ನಾನು ಪುಟ ತಿರುಗಿಸಿದೆ. ಅಪ್ಪ ಎದ್ದು ಹೋಗುವಾಗ ತಲೆಯ ಮೇಲೆ ಕೈ ಇಟ್ಟು ಹೋದರು. ಅಂಗೈಯಲ್ಲಿ ಹೂವಿನ ವಾಸನೆ.

ಬೆಟ್ಟಕ್ಕೆ ಯಾವಾಗ ಬೇಕಾದರೂ ಹೋಗಬಹುದು.

ಸೆಪ್ಟೆಂಬರ್ 9, ಮಂಗಳವಾರ

ಮಾನಸಕ್ಕ ಫೋನಿನಲ್ಲಿ ಪರೀಕ್ಷೆ ತೆಗೆದುಕೊಂಡಳು. ಕೈ, ಭುಜ, ತೊಡೆ, ಪಾದ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯ. ತಲೆಬುರುಡೆಗೆ ಬಂದಳು. ಹಿಂಭಾಗದ ಆಕ್ಸಿಪಿಟಲ್ ಮೂಳೆಯ ಒಂದೊಂದು ಗೆರೆಯನ್ನೂ ಹೇಳಿದೆ. ಸರಿ, ಈಗ ಕೆನ್ನೆ ಹೇಳು, ಮೂಗು ಹೇಳು ಎಂದಳು. ಬಾಯಿ ಬರಲಿಲ್ಲ.

"ಹಿಂದ್ಗಡೆ ಇಷ್ಟು ಓದಿದ್ದೀಯಾ, ಮುಖದ್ದು ಒಂದಕ್ಷರ ಓದಿಲ್ವಲ್ಲೇ?"

ಆ ಅಧ್ಯಾಯ ಕೊನೆಗೆ ಇಟ್ಟುಕೊಂಡಿದ್ದೇನೆ ಎಂದೆ. ಬುರುಡೆಯನ್ನು ಪೆಟ್ಟಿಗೆಯಿಂದ ತೆಗೆದ ದಿನದಿಂದ ಗೋಡೆ ಕಡೆ ತಿರುಗಿಸಿಯೇ ಇಟ್ಟಿದ್ದೇನೆ ಎಂದು ಹೇಳಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಗಂಗಜ್ಜಿ ಕಾಣದೆ ಕೆಲವು ದಿನವಾಯಿತು. ಜ್ವರವಂತೆ, ಕೆಮ್ಮಂತೆ. ಮಗ ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದಾನೆ, ಔಷಧಿ ನಡೆಯುತ್ತಿದೆ. ಅಜ್ಜಿ ಮೂರು ಹೊತ್ತೂ ಅಲ್ಲೇ. ಸಂಜೆ ಬಂದು, "ಗಂಗಿ ಕೇಳ್ತಿದ್ಲು, ಡಾಕ್ಟ್ರಮ್ಮ ನಮ್ ಮನ ಕಡ ಬರ್ನೇ ಇಲ್ವಲ್ಲ ಅಂತ" ಎಂದಳು.

ಸೊಂಟದ ಮೂಳೆ ಅರ್ಧಕ್ಕೆ ನಿಂತಿದೆ. ಮುಗಿಸಿ ನಾಳೆ ಹೋಗಬೇಕು.

ಸೆಪ್ಟೆಂಬರ್ 17, ಬುಧವಾರ

ಗಂಗಜ್ಜಿ ಬೆಳಗಿನ ಜಾವ ಹೋದಳು. ನಾನು ಹೋಗಿದ್ದೆ. ಬರೆಯಲು ಆಗುತ್ತಿಲ್ಲ.

ಸೆಪ್ಟೆಂಬರ್ 18, ಗುರುವಾರ

ಈಗ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ನಾನು ಅವರ ಮನೆಯ ಗೇಟಿನವರೆಗೆ ಮಾತ್ರ ಹೋಗಿ ನಿಂತಿದ್ದೆ. ಅಷ್ಟಾದರೂ ಹೋಗದಿದ್ದರೆ ಹೇಗೆ ಎಂದು. ಮಗ ಅಯ್ನೋರನ್ನು ಕರೆತರಲು ಹೋಗಿದ್ದ. ಸೊಸೆ ನಡುಮನೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು, ಅವಳನ್ನು ಹಿಡಿಯಲು ಇಬ್ಬರು. ಅಜ್ಜಿ ಹೊರಗೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನಮ್ಮ ಊರಿನಲ್ಲಿ ಹೆಂಗಸರು ಹೋದರೆ ಕೂರಿಸುವುದಕ್ಕೆ ಅಜ್ಜಿಯನ್ನೇ ಕರೆಯುತ್ತಾರೆ. ತಡ ಮಾಡಿದರೆ ಮೈ ಸೆಟೆದುಕೊಂಡು ಕಾಲು ಮಡಚಲು ಬರುವುದಿಲ್ಲ.

"ರೂಪಾ, ಬಾ ಒಳಕ. ಬೆನ್ನಿಗ ಒಬ್ಬರು ಬೇಕು" ಅಂದಳು.

ನಾನು ತಲೆ ಅಲ್ಲಾಡಿಸಿದೆ. ಅಜ್ಜಿ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ ಹೇಳಿದಳು. "ನೀ ಹಿಂದ ಕುಂತ್ಕ. ಅಲ್ಲಿಂದ ಮೊಕ ಕಾಣದಿಲ್ಲ. ನಾ ನೋಡ್ಕತಿನಿ."

ಹೋದೆ. ನೆಲ ನೋಡಿಕೊಂಡೇ ಹೋದೆ. ಗಂಗಜ್ಜಿಯನ್ನು ಎತ್ತಿ ಕೂರಿಸುವಾಗ ಅಜ್ಜಿ ಅವಳ ಮುಖಕ್ಕೆ ಸೆರಗು ಇಳಿಸಿದ್ದಳು. ನನಗೋಸ್ಕರವೇ ಇರಬೇಕು. ನಾನು ಹಿಂದೆ ಕಾಲು ಚಾಚಿ ಕೂತೆ. ಗಂಗಜ್ಜಿಯ ಬೆನ್ನು ನನ್ನ ಎದೆಗೆ ಒರಗಿತು. ಕಂಕುಳ ಕೆಳಗಿಂದ ಕೈ ಹಾಕಿ ತಬ್ಬಿ ಹಿಡಿದುಕೊಂಡೆ. ಭಾರವೇ ಇರಲಿಲ್ಲ. ತಲೆ ನನ್ನ ಹೆಗಲಿಗೆ ವಾಲಿತು, ಕೂದಲಲ್ಲಿ ಹರಳೆಣ್ಣೆ ವಾಸನೆ.

ಆ ಬೆನ್ನಿನ ಹಲಗೆಗಳು ನನ್ನ ಎದೆಗೆ ಒತ್ತುತ್ತಿದ್ದವು. ಅವತ್ತು ಬೆರಳಿಟ್ಟು ಹುಡುಕಿದ್ದೆನಲ್ಲ, ಅವೇ. ಅವುಗಳ ಹೆಸರು ಏನೆಂದು ಆಗ ನೆನಪಿಗೆ ಬರಲೇ ಇಲ್ಲ. ಈಗ ಬರೆಯುವಾಗ ಬರುತ್ತಿದೆ.

ಅಜ್ಜಿ ಮುಂದೆ ಕೂತು ಮಂಡಿ ನೀವತೊಡಗಿದಳು. ನೀವುತ್ತ ಮಾತಾಡುತ್ತಿದ್ದಳು. ನಮ್ಮ ಜೊತೆ ಅಲ್ಲ. "ಗಂಗಿ, ಈಗ ಬಲಗಾಲು ಮಡಿಸ್ತಿನಿ ಕಣ. ಒಸಿ ತಡ್ಕ. ಆಯ್ತು, ಆಯ್ತು. ಈಗ ಎಡಗಾಲು." ನೋವಾಗುವವರಿಗೆ ಹೇಳುವ ಹಾಗೆ. ಮುಂಚೆಯಾದರೆ ನಗು ಬರುತ್ತಿತ್ತೋ ಏನೋ. ಎಡಗಾಲು ಸುಲಭವಾಗಿ ಬರಲಿಲ್ಲ. ಅಜ್ಜಿ ಸುಮಾರು ಹೊತ್ತು ನೀವಿದಳು. "ಮೊದ್ಲಿಂದ್ಲೂ ಹಟಮಾರಿ ನೀನು" ಎಂದು ಬೈದಳು. ಆಗ ಅಜ್ಜಿಯ ದನಿ ಒಡೆಯಿತು. ನಾನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಯಾರನ್ನು ಹಿಡಿದುಕೊಂಡಿದ್ದೆನೋ ಗೊತ್ತಿಲ್ಲ.

ಸ್ನಾನವಾಗಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ, ಅಯ್ನೋರು ಬಂದು ಎಡಗೈಯಲ್ಲಿ ಲಿಂಗ ಇಟ್ಟ ಮೇಲೆ ಅಜ್ಜಿ ನನ್ನನ್ನು ಹುಡುಕಿಕೊಂಡು ಹಿತ್ತಲಿಗೆ ಬಂದಳು. ನಾನು ಕೈ ತೊಳೆಯುತ್ತಿದ್ದೆ.

"ಮುಂದಕ ಬಾ ಮಗ. ಒಂದ್ಸಲ ಮೊಕ ನೋಡ್ಕ. ಆಮೇಲ ಸಿಕ್ಕದಿಲ್ಲ."

"ಓದೋದಿದೆ ಅಜ್ಜಿ" ಅಂದೆ.

ಅಜ್ಜಿ ಬಲವಂತ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದಲೇ ಮನೆಗೆ ಬಂದು ಶೆಡ್ಡಿನಲ್ಲಿ ಪುಸ್ತಕ ತೆಗೆದು ಕೂತೆ. ತಮಟೆ ಶುರುವಾಗಿ, ದೂರ ಹೋಗಿ, ನಿಂತುಹೋಗುವವರೆಗೂ ಅದೇ ಪುಟ ತೆರೆದಿತ್ತು.

ಬೀಳಲಿಲ್ಲ, ಅದೊಂದು ಸಮಾಧಾನ. ಆದರೆ ಹಿಂದೆ ಕೂತಿದ್ದಕ್ಕೆ ಬೀಳಲಿಲ್ಲ. ಕಾಲೇಜಿನ ಆ ಹಾಲ್‌ನಲ್ಲಿ ಯಾರು ಹಿಂದೆ ಕೂರಿಸುತ್ತಾರೆ?

ಸೆಪ್ಟೆಂಬರ್ 21, ಭಾನುವಾರ

ಮುಖದ ಮೂಳೆ ಓದಿದೆ. ಮೇಲ್ದವಡೆಯ ಮ್ಯಾಕ್ಸಿಲಾ, ಕೆನ್ನೆಯ ಜೈಗೋಮ್ಯಾಟಿಕ್, ಮೂಗಿನ ಎರಡು ಪುಟ್ಟ ಮೂಳೆ. ಕಷ್ಟವೇನಿಲ್ಲ. ಹಲ್ಲುಗಳು ತುಂಬ ಸವೆದಿವೆ. ಇವರು ವಯಸ್ಸಾದವರೇ ಇರಬೇಕು. ಗಟ್ಟಿ ರೊಟ್ಟಿ ತಿನ್ನುತ್ತಿದ್ದರೋ, ಅಡಿಕೆಯೋ.

ಅಜ್ಜಿ ಸಂಜೆ ಬಂದು ಕ್ರೇಟಿನ ಮೇಲೆ ಕೂತಳು. ಎಲೆ ಅಡಿಕೆ ತೆಗೆದು, ಅಭ್ಯಾಸದಂತೆ ಎರಡು ಪಾಲು ಮಾಡಿ, ಒಂದನ್ನು ಸಂಚಿಗೆ ವಾಪಸ್ ಹಾಕಿದಳು. ನಾನು ಪುಸ್ತಕ ಮುಚ್ಚಿ ಅವಳ ಪಕ್ಕ ಕೂತೆ.

ಸೆಪ್ಟೆಂಬರ್ 26, ಶುಕ್ರವಾರ

ಅಜ್ಜಿಯನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಕೆಳಗಿನ ಚೆಕ್‌ಪೋಸ್ಟಿನಿಂದ ಸರ್ಕಾರಿ ಬಸ್ಸಿನಲ್ಲೇ ಮೇಲೆ ಹೋಗಬೇಕು. ಅಜ್ಜಿ ಕಿಟಕಿ ಪಕ್ಕ ಕೂತು ಆನೆ ಕಾಣುತ್ತದಾ ಎಂದು ದಾರಿಯುದ್ದಕ್ಕೂ ನೋಡಿದಳು. ಕಾಣಲಿಲ್ಲ. ಮೇಲೆ ಮಂಜು, ಚಳಿ. ನನ್ನ ದುಪಟ್ಟ ತೆಗೆದು ಅವಳ ತಲೆಗೆ ಸುತ್ತಿದೆ. ಗುಡಿಯ ಮೆಟ್ಟಿಲ ಮೇಲೆ ಕೂತು, ಮದುವೆಯಾದ ಹೊಸತರಲ್ಲಿ ತಾನೂ ಗಂಗಜ್ಜಿಯೂ ಅತ್ತೆಯರಿಗೆ ಸುಳ್ಳು ಹೇಳಿ ಇಲ್ಲಿಗೆ ನಡೆದು ಬಂದಿದ್ದ ಕಥೆ ಹೇಳಿದಳು. ಇಬ್ಬರಿಗೂ ಬೈಗುಳ ಬಿತ್ತಂತೆ, ಆದರೆ ಗಂಗಜ್ಜಿ ತಿರುಗಿ ಬೈದಳಂತೆ.

ಬ್ಯಾಗಿನಲ್ಲಿ ಪುಸ್ತಕ ಇತ್ತು. ತೆಗೆಯಬೇಕು ಅನ್ನಿಸಲಿಲ್ಲ.

ಅಕ್ಟೋಬರ್ 5, ಭಾನುವಾರ

ನಾಳೆ ಕಾಲೇಜು. ಅಪ್ಪ ಹೂವಿನ ಗಾಡಿಯಲ್ಲೇ ಹಾಸಿಗೆ, ಬಕೆಟ್ಟು, ಟ್ರಂಕು ಎಲ್ಲ ಹಾಕಿ ಹಾಸ್ಟೆಲಿಗೆ ತಂದು ಬಿಟ್ಟರು. ಹೊರಡುವ ಮುಂಚೆ ಅಮ್ಮ ತಾನೇ ಶೆಡ್ಡಿಗೆ ಹೋಗಿ ಪೆಟ್ಟಿಗೆಯೊಳಗೆ ಹಳೇ ಹತ್ತಿ ಸೀರೆ ಮಡಿಸಿ ಹಾಸಿದಳು. "ದಾರಿಲಿ ಕುಲುಕ್ತದೆ" ಅಂದಳು. ನಾನು ಇವರ ಮೂಳೆಗಳನ್ನು ಒಂದೊಂದಾಗಿ ಸುತ್ತಿ ಇಟ್ಟೆ. ಅಜ್ಜಿ ಜಗಲಿಯಲ್ಲಿ ನಿಂತು ಕೈ ಬೀಸಿದಳು.

ಹಾಸ್ಟೆಲಿನಲ್ಲಿ ಆ ದಾನೇಶ್ವರಿಯೇ ನನ್ನ ರೂಮ್‌ಮೇಟ್. ಪುಸ್ತಕದ ಮೊದಲ ಭಾಗ ಪೂರ್ತಿ ಮುಗಿಸಿದ್ದಾಳೆ. ನೀನು ಎಷ್ಟು ಓದಿದ್ದೀಯ ಎಂದು ಕೇಳಿದಳು. ಒಂದಿಷ್ಟು ಎಂದೆ. ನಿದ್ದೆ ಬರುತ್ತಿಲ್ಲ. ಒಂದು ವಾರ ಬರೀ ಪರಿಚಯ, ಭಾಷಣ. ಆಮೇಲೆ ಹೆಣ ಕೊಯ್ಯುವ ಹಾಲ್.

ಅಕ್ಟೋಬರ್ 14, ಮಂಗಳವಾರ

ಇವತ್ತು ಆ ಹಾಲ್‌ಗೆ ಹೋದೆವು.

ಬಾಗಿಲಿಗೆ ಬರುವ ಮುಂಚೆಯೇ ವಾಸನೆ ಮೂಗಿಗೆ ಬಡಿದು ಕಣ್ಣು ಉರಿಯಿತು. ಸಾಲಾಗಿ ಸ್ಟೀಲ್ ಮೇಜುಗಳು, ಮೇಲೆ ಬಿಳಿ ಬಟ್ಟೆ. ಎಲ್ಲರ ಕೈಗೂ ಒಂದೊಂದು ಚೆಂಡುಹೂವು ಕೊಟ್ಟರು. ಈ ದೇಹಗಳೊಡನೆ ಗೌರವದಿಂದ ನಡೆದುಕೊಳ್ಳುತ್ತೇವೆ ಎಂದು ಪ್ರತಿಜ್ಞೆ ಹೇಳಿಸಿದರು. ನಾನು ತುಟಿ ಮಾತ್ರ ಆಡಿಸಿದೆ. ಬಾಗಿಲು ಎಷ್ಟು ದೂರ ಇದೆ ಎಂದು ನೋಡಿಕೊಂಡೆ. ಬಿದ್ದರೆ ಅಪ್ಪನಿಗೆ ಏನು ಹೇಳುವುದು ಎಂದೂ ಯೋಚಿಸಿದೆ.

ಮೇಡಮ್, ಮೊದಲೇ ಓದಿಕೊಂಡು ಬಂದವರು ಯಾರ್ಯಾರು ಎಂದು ಕೇಳಿದರು. ಸುಮಾರು ಕೈಗಳು ಮೇಲೆದ್ದವು. ದಾನೇಶ್ವರಿಯದು ಎಲ್ಲರಿಗಿಂತ ಮೇಲೆ. ನನಗೆ ಯಾಕೋ ಎತ್ತಬೇಕು ಅನ್ನಿಸಲಿಲ್ಲ. ಆಮೇಲೆ ಮೇಡಮ್ ನಮ್ಮ ಮೇಜಿನ ಬಟ್ಟೆ ಸರಿಸಿದರು.

ವಯಸ್ಸಾದ ಹೆಂಗಸು. ಮಲಗಿದ್ದರು.

ಹೆದರಿಕೆ ಬರಲಿ ಎಂದು ಕಾದೆ. ತಾತನ ಎದುರು ಬಂದದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಮೇಜಿನ ಅಂಚು ಹಿಡಿದುಕೊಂಡು ನಿಂತೆ. ಬರಲಿಲ್ಲ. ಈ ಅವ್ವ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕುತ್ತಿಗೆಯ ಕೆಳಗೆ ಒಂದು ಮರದ ತುಂಡು, ಮುಖ ಮೇಲಕ್ಕೆ, ಕಣ್ಣು ಮುಚ್ಚಿ, ಕೆಲಸವೆಲ್ಲ ಮುಗಿಸಿ ಅಡ್ಡಾದವರ ಹಾಗೆ. ನಾನು ಇಷ್ಟು ವರ್ಷ ಹೆದರಿದ್ದು ಕೂತವರಿಗೆ. ಮಲಗಿದವರನ್ನು ನಾನು ನೋಡಿಯೇ ಇರಲಿಲ್ಲ. ಅಷ್ಟು ಓದಿದೆನಲ್ಲ, ಇದು ಯಾವ ಪುಟದಲ್ಲೂ ಇರಲಿಲ್ಲ.

ಪಕ್ಕದಲ್ಲಿ ದಾನೇಶ್ವರಿಯ ಉಸಿರು ಕೇಳಿಸಿತು. ಮುಖ ಬೆಳ್ಳಗಾಗಿತ್ತು, ಹೂವು ಕೈಯಿಂದ ಜಾರಿತ್ತು. ನಾನು ಅವಳ ಹಿಂದೆ ಹೋಗಿ ಕಂಕುಳ ಕೆಳಗೆ ಕೈ ಹಾಕಿ ಹಿಡಿದುಕೊಂಡೆ. "ನನಗೆ ಒರಗಿಕೋ, ಈಗ ನೋಡಬೇಡ" ಅಂದೆ. ಅವಳ ಬೆನ್ನು ನನ್ನ ಎದೆಗೆ ಬಿಸಿಯಾಗಿ ಒರಗಿತು. ಸ್ವಲ್ಪ ಹೊತ್ತಿಗೆ ಸರಿಹೋದಳು. ಇನ್ನೂ ಇಬ್ಬರನ್ನು ಹೊರಗೆ ಕರೆದುಕೊಂಡು ಹೋದರು.

ಮೊದಲು ತೋಳಿನಿಂದ ಶುರು. ಎಡಗೈ ಎತ್ತಿ ಹಿಡಿಯಲು ಮೇಡಮ್ ನನಗೆ ಹೇಳಿದರು. ಗ್ಲೌಸ್ ಹಾಕಿಕೊಂಡ ಕೈಯಿಂದ ಮಣಿಕಟ್ಟು ಹಿಡಿದೆ. ತಣ್ಣಗಿತ್ತು. ಅಂಗೈ ಬರಿದಾಗಿತ್ತು.

"ಕೈ ಎತ್ತಿನಿ ಕಣವ್ವ, ಒಸಿ ತಡ್ಕ" ಅಂದೆ.

ಮೇಡಮ್ ತಿರುಗಿ, "ಏನಮ್ಮ?" ಅಂದರು. ಏನಿಲ್ಲ ಮೇಡಮ್ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಹಾಗೇ ಹಿಡ್ಕೊಂಡಿರು" ಅಂದರು. ಹಿಡಿದುಕೊಂಡಿದ್ದೆ. ಹಿಡಿದುಕೊಂಡು ಆ ಮುಖವನ್ನು ಪೂರ್ತಿ ನೋಡಿದೆ. ಹಣೆಯಲ್ಲಿ ಸುಕ್ಕು, ಮೂಗುತಿಯ ತೂತು, ಗಲ್ಲದ ಮೇಲೆ ಒಂದು ಹಳೇ ಗಾಯದ ಗುರುತು. ಯಾರೋ ಇವರ ಜೊತೆ ಎಲೆ ಅಡಿಕೆ ಹಂಚಿಕೊಂಡಿರಬೇಕು.

ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಅಮ್ಮ ಎತ್ತಿ, ಬಿದ್ದೆಯಾ ಎಂದು ಕೇಳಲಾಗದೆ, ಊಟ ಮಾಡಿದೆಯಾ ಎಂದು ಕೇಳಿದಳು. ನಾನು ಚೆನ್ನಾಗಿದ್ದೀನಿ ಅಮ್ಮ, ನಾಳೆಯೂ ಹೋಗ್ತೀನಿ ಎಂದೆ. ಅವಳ ಉಸಿರು ನನಗೆ ಕೇಳಿಸಿತು. ಅಜ್ಜಿಗೆ ಕೊಟ್ಟಳು.

"ಕೂರ್ಸವ್ರಾ?"

"ಇಲ್ಲ ಅಜ್ಜಿ, ಮಲಗಿಸಿದ್ದಾರೆ."

"ತಲಗ ಏನಾರ ಕೊಟ್ಟವ್ರಾ?"

"ಮರದ ತುಂಡು ಕೊಟ್ಟಿದ್ದಾರೆ."

"ಅಷ್ಟಾರ ಕೊಟ್ಟವ್ರಲ್ಲ, ಬುಡು." ಆಮೇಲೆ, "ಮೊಕ ನೋಡ್ದಾ?" ಎಂದು ಕೇಳಿದಳು.

"ನೋಡ್ದೆ ಅಜ್ಜಿ. ಏನೂ ಆಗ್ಲಿಲ್ಲ."

ಅಜ್ಜಿ ಅಡಿಕೆ ಜಗಿಯುವುದು ಕೇಳಿಸಿತು. ಕಡೆಗೆ, "ಗಂಗಿ ಮೊಕ ಬೋ ಚೆಂದಾಗಿತ್ತು ಕಣಮ್ಮಿ ಅವತ್ತು. ಯಾರನ್ನೋ ಬೈದು ಗೆದ್ದು ಬಂದವಳಂಗ ಕುಂತಿದ್ಲು" ಎಂದಳು.

ಫೋನಿಟ್ಟ ಮೇಲೂ ತುಂಬ ಹೊತ್ತು ಕಿಟಕಿಯ ಹತ್ತಿರವೇ ನಿಂತಿದ್ದೆ. ನೋಡಬಹುದಾಗಿತ್ತು. ಅಜ್ಜಿ ಕರೆದಿದ್ದಳು. ಅವತ್ತು ಓದುವುದು ಏನೂ ಇರಲಿಲ್ಲ.